ಕೇಳುವ ರೀತಿಯಲ್ಲಿರುವ ವ್ಯತ್ಯಾಸ

ಬಾಗಲಕೋಟೆ ಜಿಲ್ಲೆಯ ಹಳ್ಳಿಯಿಂದ ಮುಂಬಯಿಗೆ ಬಂದು ನೆಲೆಸಿದ ನನಗೆ, ಊರಿಗೆ ಹೋದಾಗಲೆಲ್ಲ ಗೋಡೆಗಳ ಮೇಲೆ ಕಾಣುವ 'ಗುಪ್ತರೋಗಗಳಿಗೆ ಖಚಿತ ಚಿಕಿತ್ಸೆ' ಎಂಬ ಬರಹ ಕಳವಳ ಹುಟ್ಟಿಸುತ್ತದೆ. ಲೈಂಗಿಕ ಸಂಪರ್ಕದಿಂದ ಹರಡುವ ಕಾಯಿಲೆಗಳಿಗಿಟ್ಟ ಈ ಹೆಸರೇ ಕಾಯಿಲೆಯವರನ್ನು ಆಸ್ಪತ್ರೆಯಿಂದ ದೂರವಿಡುತ್ತದೆ.

ಕಟ್ಟಡ ಕೆಲಸಕ್ಕೆ ಬಂದಿದ್ದ ನಮ್ಮ ಕಡೆಯ ವಿವಾಹಿತ ಯುವಕನೊಬ್ಬನಿಗೆ ಮೂತ್ರ ಮಾಡುವಾಗ ಉರಿ ಕಾಣಿಸಿಕೊಂಡಾಗ, ಹಿಂದಿ ಸರಿಯಾಗಿ ಬಾರದ ಅವನಿಗೆ ಮಾತು ತಿಳಿಸಲೆಂದು ಇಂಥ ಕಾಯಿಲೆಗಳಿಗೆಂದೇ ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿರುವ ಸುರಕ್ಷಾ ಕ್ಲಿನಿಕ್‌ಗೆ ಜೊತೆಯಲ್ಲಿ ಹೋದೆ. ಆಪ್ತಸಮಾಲೋಚಕಿ ಅವನ ನಡತೆಯ ಬಗ್ಗೆ ಒಂದು ಮಾತೂ ಆಡದೆ, ಕೊನೆಯ ಲೈಂಗಿಕ ಸಂಪರ್ಕವಾಗಿ ಎಷ್ಟು ದಿನವಾಯಿತು, ಸಂಗಾತಿಗಳು ಎಷ್ಟು ಮಂದಿ, ಕಾಂಡೋಮ್ ಬಳಸಿದ್ದನೇ ಎಂದಷ್ಟೇ ಕೇಳಿದರು. ಅವನು ಪರ್ಸಿನಿಂದ ತೆಗೆದ, ಅಂಚು ಸವೆದ ಪೊಟ್ಟಣವನ್ನು ಬೆಳಕಿಗೆ ಹಿಡಿದು, ಅವಧಿ ಮುಗಿದ ತಾರೀಖನ್ನು ತೋರಿಸಿ, ಬಿಸಿಗೂ ತಿಕ್ಕಾಟಕ್ಕೂ ಸಿಕ್ಕಿದ ರಬ್ಬರು ಹರಿಯುತ್ತದೆ ಎಂದು ವಿವರಿಸಿದರು. ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ ಉಚಿತವಾಗಿ ಆಯಿತು. ಸೋಂಕು ತಗುಲಿದ ಹೊಸದರಲ್ಲಿ ಎಚ್‌ಐವಿ ಪರೀಕ್ಷೆಯಲ್ಲಿ ಕಾಣದಿರಬಹುದಾದ್ದರಿಂದ ಮೂರು ತಿಂಗಳ ಬಳಿಕ ಮತ್ತೆ ಬರಲು ಹೇಳಿದರು. ಹೆಂಡತಿಗೂ ಚಿಕಿತ್ಸೆಯಾಗದಿದ್ದರೆ ಸೋಂಕು ಮರಳಿ ಅವನಿಗೇ ತಗುಲಬಹುದು ಎಂಬುದನ್ನು ಎರಡೆರಡು ಸಲ ಹೇಳಿದರು.

ನಮ್ಮೂರಿನಲ್ಲಿ ಇಂಥ ರೋಗ 'ಅಂಥವರಿಗೆ' ಬರುವುದೆಂಬ ನಂಬಿಕೆ ಬಲವಾಗಿದೆ. ಆದರೆ ಗೊನೊರಿಯಾ, ಕ್ಲಮೈಡಿಯಾದಂಥ ಲೈಂಗಿಕ ಸೋಂಕು ತಗುಲಿದ ಅನೇಕ ಹೆಂಗಸರಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಗಂಡನಲ್ಲದೆ ಬೇರೆಯವರನ್ನು ಅರಿಯದವಳಿಗೂ ಗಂಡನಿಂದಲೇ ಅಪಾಯ ಬರಬಹುದು. ಚಿಕಿತ್ಸೆಯಿಲ್ಲದೆ ಗರ್ಭನಾಳ ಮುಚ್ಚಿಹೋಗಿ ಮಕ್ಕಳಾಗದಿದ್ದರೆ ಬಂಜೆಯೆಂಬ ಹೆಸರು ಅವಳಿಗೇ ಬರುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಜನನಾಂಗದಲ್ಲಿ ಹುಣ್ಣಿದ್ದರೆ ಎಚ್‌ಐವಿ ತಗುಲುವುದೂ ಸುಲಭವಾಗುತ್ತದೆ.

ಕರ್ನಾಟಕದಲ್ಲೂ ಇದೇ ಕ್ಲಿನಿಕ್‌ಗಳಿವೆ, ಎಚ್‌ಐವಿ ಬಗ್ಗೆ ಮಾಹಿತಿ ಕೊಡುವ 1097 ಸಹಾಯವಾಣಿಯೂ ಇದೆ. 2018ರಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಪ್ರಕಾರ, ಎಚ್‌ಐವಿ ಇದೆಯೆಂಬ ಮಾಹಿತಿಯನ್ನು ಸಾಮಾನ್ಯವಾಗಿ ಸಂಬಂಧಪಟ್ಟವರ ಒಪ್ಪಿಗೆಯಿಲ್ಲದೆ ಬಯಲು ಮಾಡುವಂತಿಲ್ಲ. ಮುಂಬಯಿಯ ಆಸ್ಪತ್ರೆಯ ಸಾಲಿನಲ್ಲಿ ಪರಿಚಯದವರು ಎದುರಾಗುವುದಿಲ್ಲವೆಂಬ ಅನುಕೂಲವಿದೆ ಎಂಬುದನ್ನೂ ಒಪ್ಪುತ್ತೇನೆ. ಆದರೂ ಆ ಯುವಕನ ಹೆಂಡತಿ ನಮ್ಮೂರ ಕಡೆಯ ಆಸ್ಪತ್ರೆಗೆ ಹೋದಾಗ, ಚೀಟಿ ಬರೆಯುವವರು ಎಲ್ಲರೆದುರಿಗೇ "ನಿನ್ನ ಗಂಡ ಎಲ್ಲಿರ್ತಾನ?" ಎಂದು ಗಟ್ಟಿಯಾಗಿ ಕೇಳಿದರಂತೆ. ಅವಳು ಚೀಟಿ ಪಡೆಯದೆ ಮನೆಗೆ ಮರಳಿದಳು. ಮರುವಾರ ಅವನು ಅವಳನ್ನು ಮುಂಬಯಿಗೇ ಕರೆತಂದ.