ಹಣ್ಣಿನ ಲ್ಯಾಂಬಿಕ್‌ಗೆ ಸಕ್ಕರೆ ಬೇಕಾ?

ಪರ: ಸಿಹಿ ಇದ್ದರೆ ತಪ್ಪೇನು?

ಲ್ಯಾಂಬಿಕ್ ಅಂದರೆ ಬೆಲ್ಜಿಯಂನ ಹುಳಿ ಬಿಯರ್. ಅಲ್ಲಿನ ಲಿಂಡೆಮಾನ್ಸ್ ಬ್ರೂವರಿಯ ಫ್ರಾಂಬ್ವಾಸ್, ಅಂದರೆ ರಾಸ್‌ಬೆರಿ ಲ್ಯಾಂಬಿಕ್, ಕುಡಿದು "ಇದು ಬಿಯರಾ, ರಾಸ್‌ಬೆರಿ ಶರಬತ್ತಾ?" ಅಂತ ಮೂಗು ಮುರಿಯುವವರು ಜಾಸ್ತಿ. ಈ ಮಡಿ ನನಗೆ ಅರ್ಥವಾಗುವುದಿಲ್ಲ. ಬ್ರಸೆಲ್ಸ್‌ನ ಹಳೇ ಕೆಫೆಗಳಲ್ಲಿ ಲ್ಯಾಂಬಿಕ್ ಕೇಳಿದರೆ ಜೊತೆಗೆ ಸಕ್ಕರೆ ತುಂಡೂ ಕೊಡುತ್ತಿದ್ದರು. ಅದನ್ನು ಗ್ಲಾಸಿನೊಳಗೇ ಜಜ್ಜೋಕೆ ಸ್ಟೂಂಪರ್ ಅಂತ ಲೋಹದ ಕಡ್ಡಿಯೊಂದು ಇರುತ್ತಿತ್ತು. ಸಕ್ಕರೆ ಬೆರೆಸಿದ ಲ್ಯಾಂಬಿಕ್‌ಗೆ ಫಾರೋ ಅಂತ ಬೇರೆ ಹೆಸರೇ ಇದೆ. ಅಂದಮೇಲೆ ಸಿಹಿ ನಿನ್ನೆ ಮೊನ್ನೆ ಬಂದದ್ದಲ್ಲ.

ದುಡ್ಡಿನ ಮಾತೂ ಇದೆ. ಲ್ಯಾಂಬಿಕ್‌ಗೆ ಯಾರೂ ಯೀಸ್ಟ್ ಹಾಕುವುದಿಲ್ಲ. ಕುದಿಸಿದ ಧಾನ್ಯದ ರಸವನ್ನು ಅಗಲವಾದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಡುತ್ತಾರೆ, ಗಾಳಿಯಲ್ಲಿರುವುದು ತಾನೇ ಬಂದು ಸೇರುತ್ತದೆ. ಆಮೇಲೆ ಮರದ ಪೀಪಾಯಿಯಲ್ಲಿ ಒಂದರಿಂದ ಮೂರು ವರ್ಷ. ಅಲ್ಲಿಯವರೆಗೆ ಕೆಲಸದವರಿಗೆ ಸಂಬಳ ಎಲ್ಲಿಂದ ಬರಬೇಕು? ಎಳೇ ಲ್ಯಾಂಬಿಕ್‌ಗೆ ಹಣ್ಣಿನ ರಸ, ಸಿಹಿ ಸೇರಿಸಿ ಬೇಗ ಮಾರಬಹುದು. ಅದೇ ಲಿಂಡೆಮಾನ್ಸ್ ಎಳೇ, ಹಳೇ ಲ್ಯಾಂಬಿಕ್ ಬೆರೆಸಿದ ಹುಳಿ ಗ್ಯೂಝ್ ಕೂಡ ಮಾಡುತ್ತದೆ. ಗೊಜ್ಜಿಗೆ ಬೆಲ್ಲ ಹಾಕುವ ನಾವು ಇದಕ್ಕೆ ತಕರಾರು ತೆಗೆಯಬೇಕಾ?

ವಿರೋಧ: ಆ ಸಕ್ಕರೆ ಬೇರೆ, ಈ ಸಕ್ಕರೆ ಬೇರೆ

ಗೊಜ್ಜಿಗೆ ಬೆಲ್ಲ ಹಾಕುತ್ತೇವೆ, ನಿಜ. ಹುಣಸೆಹುಳಿಯೇ ನಾಲಿಗೆಗೆ ಸಿಗದಷ್ಟು ಹಾಕುತ್ತೇವಾ? ಕೆಫೆಯ ಸಕ್ಕರೆ ತುಂಡು ಕುಡಿಯುವವನ ಕೈಯಲ್ಲಿತ್ತು. ಅರ್ಧ ಹಾಕಿಕೊಳ್ಳಬಹುದಿತ್ತು, ಬೇಡವೆಂದರೆ ಬಿಡಬಹುದಿತ್ತು. ಬಾಟಲಿಯೊಳಗೆ ಕರಗಿಸಿಟ್ಟದ್ದನ್ನು ತೆಗೆಯುವುದು ಹೇಗೆ?

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಲ್ಯಾಂಬಿಕ್ ಜೀವ ಇರುವ ಬಿಯರ್. ಸಕ್ಕರೆ ಕಂಡರೆ ಅದರ ಯೀಸ್ಟ್ ಸುಮ್ನೆ ಕೂರುವುದಿಲ್ಲ, ತಿಂದು ಗ್ಯಾಸ್ ಬಿಡುತ್ತದೆ, ಬಾಟಲಿ ಸಿಡಿದರೂ ಸಿಡಿಯಿತು. ಹಾಗಾಗಿ ಸಿಹಿ ಉಳಿಯಬೇಕಾದರೆ ಸಾಮಾನ್ಯವಾಗಿ ಪಾಶ್ಚರೀಕರಿಸಿ ಯೀಸ್ಟನ್ನೇ ಸಾಯಿಸುತ್ತಾರೆ. ವರ್ಷಗಟ್ಟಲೆ ಬಾಟಲಿಯಲ್ಲಿ ಮಾಗಬೇಕಿದ್ದ ಬಿಯರ್ ಅಲ್ಲಿಗೆ ಮುಗಿಯಿತು.

ಬ್ರಸೆಲ್ಸ್‌ನ ಆಂಡರ್ಲೆಕ್ಟ್‌ನಲ್ಲಿ 1900ರಲ್ಲಿ ಶುರುವಾದ ಕಾಂಟಿಯೋನ್ ಬ್ರೂವರಿಯ ಕ್ರೀಕ್ ನೋಡಿ. ಕ್ರೀಕ್ ಅಂದರೆ ಹುಳಿ ಚೆರಿ. ಒಂದು ಲೀಟರ್ ಲ್ಯಾಂಬಿಕ್‌ಗೆ ಸುಮಾರು 200 ಗ್ರಾಂ ಹಣ್ಣು, ಬೀಜ ಸಮೇತ, ಇಡಿಯಾಗಿ. ಪೀಪಾಯಿಯಲ್ಲಿ ತಿಂಗಳುಗಟ್ಟಲೆ ನೆನೆದು ಹಣ್ಣಿನ ಸಿಹಿಯೆಲ್ಲ ಯೀಸ್ಟ್‌ನ ಪಾಲಾಗುತ್ತದೆ. ನಮಗೆ ಉಳಿಯುವುದು ಹುಳಿ, ಸಿಪ್ಪೆಯ ಸಣ್ಣ ಒಗರು, ಬೀಜದಿಂದ ಬರುವ ಬಾದಾಮಿಯಂಥ ಪರಿಮಳ. ಮೊದಲ ಗುಟುಕಿಗೆ ನನ್ನ ಹಲ್ಲು ಜುಮ್ಮೆಂದಿತ್ತು. "ಇದಕ್ಕಿಷ್ಟು ದುಡ್ಡಾ?" ಅಂತ ಗೊಣಗಿದ್ದೂ ನೆನಪಿದೆ. ಮೂರನೇ ಗುಟುಕಿನ ಹೊತ್ತಿಗೆ ಆ ಬಾದಾಮಿ ವಾಸನೆ ಹತ್ತಿತು. ಗ್ಲಾಸು ಕೆಳಗಿಡಲಿಲ್ಲ. ಸಿಹಿ ಬಾಟಲಿಗಳಲ್ಲಿ ನನಗೆ ಅದು ಸಿಕ್ಕಿಲ್ಲ. ಮೊದಲ ಗುಟುಕಿನಲ್ಲಿ ಇದ್ದದ್ದೇ ಕೊನೆಯವರೆಗೂ.

ದುಡ್ಡಿನ ಮಾತು ಒಪ್ಪುತ್ತೇನೆ, ಬ್ರೂವರಿ ನಡೆಯಬೇಕಲ್ಲ. ಮಾರಲಿ. ಎರಡಕ್ಕೂ ಒಂದೇ ಹೆಸರಿದ್ದರೆ ಕೊಳ್ಳುವವನಿಗೆ ತಿಳಿಯುವುದು ಹೇಗೆ ಅನ್ನುವುದಷ್ಟೇ ನನ್ನ ಜಗಳ. ಅದಕ್ಕೇ ಇರಬೇಕು, 1997ರಲ್ಲಿ ಯುರೋಪಿನ ಒಕ್ಕೂಟ 'ಔಡ ಕ್ರೀಕ್' ಹೆಸರಿಗೆ ರಕ್ಷಣೆ ಕೊಟ್ಟಿತು. ಔಡ ಅಂದರೆ ಹಳೆಯದು. ಅಂಗಡಿಯಲ್ಲಿ ನಾನು ಬೆಲೆಗಿಂತ ಮೊದಲು ಹುಡುಕುವುದು ಆ ಎರಡಕ್ಷರವನ್ನೇ.