ಮರೆವಿನ ಕಾಯಿಲೆಯ ಸಂಶೋಧನೆ ನಮ್ಮ ಹಳ್ಳಿಗಳಲ್ಲೇ ನಡೆಯಬೇಕು

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಯ ಸಂಶೋಧನೆ ಎಂದ ಕೂಡಲೇ ಎಲ್ಲರೂ ಕೇಳುವುದು ಅಮೆರಿಕದ ಹೊಸ ಔಷಧದ ಬಗ್ಗೆ. 2023ರಲ್ಲಿ ಅಲ್ಲಿ ಪೂರ್ಣ ಅನುಮೋದನೆ ಪಡೆದ ಲೆಕೆನಮ್ಯಾಬ್, ಮಿದುಳಿನಲ್ಲಿ ಕಟ್ಟಿಕೊಂಡ ಅಮಿಲಾಯ್ಡ್ ಪ್ರೋಟೀನನ್ನು ತೆಗೆಯುತ್ತದೆ, ನಿಜ. ಆದರೆ ಅದು ಡಿಮೆನ್ಷಿಯಾಕ್ಕೆ ಮುಖ್ಯ ಕಾರಣವಾದ ಆಲ್ಝೈಮರ್ ಕಾಯಿಲೆಯ ಆರಂಭದ ಹಂತದವರಿಗೆ ಮಾತ್ರ. 18 ತಿಂಗಳ ಪ್ರಯೋಗದಲ್ಲಿ ನೆನಪು, ಯೋಚನಾಶಕ್ತಿ ಕುಸಿಯುವ ವೇಗ ಶೇ 27ರಷ್ಟು ತಗ್ಗಿತೇ ಹೊರತು ಹೋದ ನೆನಪು ಮರಳಲಿಲ್ಲ. ಮಿದುಳು ಊದಿಕೊಳ್ಳುವ, ರಕ್ತ ಜಿನುಗುವ ಅಪಾಯ ಬೇರೆ. ಇರಲಿ, ಆರಂಭದ ಹಂತವನ್ನು ನಾವು ಗುರುತಿಸುವುದಾದರೂ ಹೇಗೆ?

ನನ್ನ ಸೋದರತ್ತೆಯನ್ನು ಒಮ್ಮೆ ನೆನಪಿನ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. "ಇವತ್ತು ತಾರೀಖು ಎಷ್ಟಮ್ಮಾ?" ಎಂದು ಕೇಳಿದರು. "ಆಷಾಢ ಬಹುಳ ದ್ವಾದಶಿ" ಎಂದರು ಅತ್ತೆ. ಉತ್ತರ ಸರಿಯಾಗಿಯೇ ಇತ್ತು, ಅಂಕ ಸಿಗಲಿಲ್ಲ. ಬಳಿಕ ಒಂದರ ಮೇಲೊಂದು ಹಾಯ್ದ ಎರಡು ಪಂಚಭುಜಗಳನ್ನು ತೋರಿಸಿ, ಹಾಗೆಯೇ ಬರೆಯಲು ಹೇಳಿದರು. ಶಾಲೆಯ ಮೆಟ್ಟಿಲು ಹತ್ತದವರು. ದಿನವೂ ಚುಕ್ಕಿಯಿಟ್ಟು ರಂಗೋಲಿ ಎಳೆಯುವ ಬೆರಳುಗಳಿಗೆ ಪೆನ್ಸಿಲ್ ಹಿಡಿಯಲು ಬರಲಿಲ್ಲ. ಅದಕ್ಕೂ ಸೊನ್ನೆ. ಅಲ್ಲಿ ಅಳೆದದ್ದು ಅತ್ತೆಯ ನೆನಪನ್ನಲ್ಲ, ಅವರಿಗೆ ಸಿಗದೇ ಹೋದ ಶಾಲೆಯನ್ನು. ನನಗೆ ಇಂದಿಗೂ ಸಿಟ್ಟಿದೆ. ಅಕ್ಷರ ಬಾರದವರಿಗೆ ಹೊಂದುವ ಪರೀಕ್ಷೆಯನ್ನು ಹರಿಯಾಣದ ಬಲ್ಲಭಗಢದಲ್ಲಿ ತೊಂಬತ್ತರ ದಶಕದಲ್ಲೇ ಹಿಂದಿಯಲ್ಲಿ ರೂಪಿಸಿದ್ದರು.

ಆದ್ದರಿಂದಲೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಡೆಸುತ್ತಿರುವ ಅಧ್ಯಯನ ನನಗೆ ಯಾವ ಔಷಧಕ್ಕಿಂತಲೂ ದೊಡ್ಡದು. 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವುದು ಅದರ ಗುರಿ. ಆರೋಗ್ಯವಾಗಿರುವಾಗಲೇ ರಕ್ತ, ಎಂಆರ್‌ಐ, ನೆನಪಿನ ಶಕ್ತಿ ಎಲ್ಲವನ್ನೂ ದಾಖಲಿಸಿಟ್ಟರೆ, ಮುಂದೆ ಮರೆವು ಶುರುವಾದವರಲ್ಲಿ ಅದಕ್ಕೂ ಮೊದಲೇ ಏನು ಬದಲಾಗಿತ್ತು ಎಂದು ಹಿಂದಿರುಗಿ ನೋಡಬಹುದು.

ನಮ್ಮ ಜನರನ್ನೇ ನೋಡಿದರೆ ಏನು ಸಿಗುತ್ತದೆ ಎನ್ನುವವರಿಗೆ ಹೈದರಾಬಾದಿನ ಉದಾಹರಣೆಯಿದೆ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಅಲ್ಲಿನ 648 ಡಿಮೆನ್ಷಿಯಾ ರೋಗಿಗಳ ವಿವರಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದುಬರಹ ಬಾರದವರಲ್ಲೂ ಈ ಅಂತರವಿತ್ತು. ಶಾಲೆಗೆ ಹೋಗದವರೂ ಎರಡು ಭಾಷೆಯಲ್ಲಿ ಬದುಕುವ ಊರಿನಲ್ಲಲ್ಲದೆ ಭಾಷೆಯ ಪ್ರಭಾವವನ್ನು ಓದಿನ ಪ್ರಭಾವದಿಂದ ಬಿಡಿಸಿ ನೋಡುವುದು ಹೇಗೆ? ಕನ್ನಡ, ತೆಲುಗು ಎರಡನ್ನೂ ಸಲೀಸಾಗಿ ಆಡುವ ಕೋಲಾರದ ಕಡೆಯವರಿಂದ ಇನ್ನೆಷ್ಟು ತಿಳಿಯಬಹುದೋ!

ಇಂಥ ಕೆಲಸಕ್ಕೆ ಮೂರು ವರ್ಷದ ಅನುದಾನ ಸಾಲದು, ದಶಕಗಳ ಹಣ ಬೇಕು. ಅದನ್ನು ದಾನಿಗಳ ಹೆಗಲಿಗೇ ಬಿಡದೆ ಸರ್ಕಾರ ತನ್ನ ಬಜೆಟ್ಟಿನಲ್ಲಿ ತೆಗೆದಿಡಬೇಕು.