ಬಿಕೋ ಅನ್ನೋದಕ್ಕೆ ಜಪಾನಿಯಲ್ಲಿ ಶೀನ್

ನಿನ್ನೆ ಸಂಜೆ ತಂಗಿ ಮಗಳ ಆನ್‌ಲೈನ್ ಜಪಾನಿ ಕ್ಲಾಸ್ ನಡೀತಿತ್ತು. ನಾನು ಪಕ್ಕದಲ್ಲೇ ಬೀನ್ಸ್ ಹೆಚ್ಚುತ್ತಾ ಕೂತಿದ್ದೆ. ಮೊನ್ನೆಯಷ್ಟೇ ಇಬ್ಬರೂ ‘ತೊತೊರೊ’ ನೋಡಿದ್ದೆವು. ಅದೇ, ಜಪಾನಿ ನಿರ್ದೇಶಕ ಮಿಯಾಜಾಕಿಯ 1988ರ ಕಾರ್ಟೂನ್ ಸಿನಿಮಾ. ನನ್ನ ಬಾಯಲ್ಲಿ ಅದರ ಹೆಸರು ಕೇಳಿ ನಿಮಗೆಲ್ಲ ಸಾಕಾಗಿದೆ, ಗೊತ್ತು. ಹುಡುಗಿ ಆಸೆಯಿಂದ ಕೇಳಿದಳು, "ಸರ್, ಮಳೆ ಜಿಟಿಜಿಟಿ ಅಂತ ಬರೋದಕ್ಕೆ ಜಪಾನಿಯಲ್ಲಿ ಏನಂತಾರೆ?"

"ಅದೆಲ್ಲ ಚಿಕ್ಕ ಮಕ್ಕಳ ಪದಗಳಮ್ಮ. ಎನ್5 ಪರೀಕ್ಷೆಗೆ ಬರಲ್ಲ. ಮುಂದಕ್ಕೆ ಹೋಗೋಣ."

ಎನ್5 ಅಂದರೆ ಜಪಾನಿ ಭಾಷಾ ಪರೀಕ್ಷೆಯ ಮೊದಲ ಮೆಟ್ಟಿಲು. ಬೀನ್ಸ್ ಬದಲು ಬೆರಳು ಹೆಚ್ಚಿಕೊಳ್ಳುತ್ತಿದ್ದೆ.

ಚಿಕ್ಕ ಮಕ್ಕಳ ಪದವಂತೆ! 2007ರಲ್ಲಿ ಬಂದ ಒಂದು ಜಪಾನಿ ನಿಘಂಟಿನಲ್ಲಿ ಬರೀ ಇಂಥ ಅನುಕರಣ ಪದಗಳೇ 4,500 ಇವೆ. ಅಲ್ಲಿನ ಅಜ್ಜಂದಿರೂ ಡಾಕ್ಟರ ಮುಂದೆ ಕೂತು ನೋವು ಜುಕಿಜುಕಿ ಅಂತ ಸಿಡಿಯುತ್ತಿದೆ, ಚಿಕುಚಿಕು ಅಂತ ಚುಚ್ಚುತ್ತಿದೆ ಅಂತಲೇ ಹೇಳುತ್ತಾರೆ.

ತೊತೊರೊದ ಬಸ್ ಸ್ಟಾಪ್ ನೆನಪಿಸಿಕೊಳ್ಳಿ. ಜಿಟಿಜಿಟಿ ಮಳೆ, ಅದು ಶಿತೊಶಿತೊ. ಅಕ್ಕನ ಬೆನ್ನ ಮೇಲೆ ಪುಟ್ಟಿ ತೂಕಡಿಸುತ್ತಾಳೆ, ಅದು ಉತೊಉತೊ. ಕೊಡೆಯ ಮೇಲೆ ಟಪ್ ಟಪ್ ಹನಿ, ಪೊತ್ಸುಪೊತ್ಸು. ಕಾಡಿನ ದೈತ್ಯ ಪ್ರಾಣಿ ತೊತೊರೊ ಮೇಲಕ್ಕೆ ಹಾರಿ ಧೊಪ್ ಅಂತ ನೆಲಕ್ಕೆ ಬೀಳುತ್ತೆ, ದೊಸುನ್. ಮರದ ಹನಿಯೆಲ್ಲ ಧೋ ಅಂತ ಸುರಿಯುತ್ತೆ, ಜಾ! ಒಂದೇ ದೃಶ್ಯ, ಐದು ಪದ. ಪಟ್ಟಿ ಉರು ಹೊಡೆಸಿದ್ದರೆ ಐದರಲ್ಲಿ ಒಂದೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

ಶಬ್ದವೇ ಇಲ್ಲದ್ದಕ್ಕೂ ಅವರ ಹತ್ತಿರ ಶಬ್ದ ಇದೆ. ನಿಶ್ಶಬ್ದಕ್ಕೆ ಶೀನ್ ಅಂತಾರೆ. ಇಂಗ್ಲಿಷಿನಲ್ಲಿ ಯೋಚಿಸುವವರು ಇದನ್ನು ಕೇಳಿ ಬೆರಗಾಗುತ್ತಾರೆ. ನಮಗೇನು ಬೆರಗು? ನಮ್ಮ ಮನೆ ಬಿಕೋ ಅನ್ನುತ್ತೆ. ಕತ್ತಲೆ ಗವ್ ಅನ್ನುತ್ತೆ. ಚಿಕ್ಕ ಗಂಟೆ ಕಿಣಿಕಿಣಿ, ದೊಡ್ಡದು ಗಣಗಣ. ಅವರಿಗೂ ಹಾಗೇ, ಗೋಲಿ ಉರುಳಿದರೆ ಕೊರೊಕೊರೊ, ಬಂಡೆ ಉರುಳಿದರೆ ಗೊರೊಗೊರೊ.

ನನ್ನ ನಿಜವಾದ ಸಿಟ್ಟು ಇಲ್ಲಿದೆ. ಮೇಷ್ಟ್ರೂ ಕನ್ನಡದವರೇ, ಮಕ್ಕಳೂ ಕನ್ನಡದವರೇ. ಆದರೂ ಜಪಾನಿ ವ್ಯಾಕರಣ ಇಂಗ್ಲಿಷಿನ ಮೂಲಕವೇ ಬರಬೇಕು! ಪಿಕಾಪಿಕಾ ‘ತೊ’ ಹಿಕಾರು ಅನ್ನುವಾಗ ಆ ‘ತೊ’ ಏನು ಅಂತ ಅರ್ಧ ಗಂಟೆ ಕೊರೆದರು. ಪಳಪಳ ‘ಅಂತ’ ಹೊಳೆಯುತ್ತೆ. ಮುಗೀತಲ್ಲ? ಯಾರೋ ಏನೋ ಹೇಳಿದರು ಅನ್ನೋದಕ್ಕೂ ಅದೇ ‘ತೊ’, ನಮಗೂ ಅದೇ ‘ಅಂತ’. ತಬೆತೆ ಮಿರು ಅಂದರೆ ತಿಂದು ನೋಡು. ಅಲ್ಲೂ ‘ನೋಡು’, ಇಲ್ಲೂ ‘ನೋಡು’. ದರೆಕ ಯಾರೋ, ದರೆಮೊ ಯಾರೂ. ಕ್ರಿಯಾಪದ ಕೊನೆಗೆ. ಇಷ್ಟು ಹತ್ತಿರದ ದಾರಿ ಬಿಟ್ಟು ಲಂಡನ್ ಸುತ್ತಿಕೊಂಡು ಟೋಕಿಯೋಗೆ ಹೋಗೋದ್ಯಾಕೆ?

ಸಿನಿಮಾದ ಭಾಷೆ ಆಫೀಸಿಗೆ ಆಗಲ್ಲ ಅಂತೀರಾ? ಸರಿ, ಒಪ್ಪಿದೆ. ಒಪ್ಪದೆ ಇರೋಕೆ ಮುಖವೂ ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಜಪಾನಿನಿಂದ ಬಂದ ಅತಿಥಿಗಳ ಮುಂದೆ ನನ್ನನ್ನು ನಾನು ‘ಒರೆ’ ಅಂತ ಪರಿಚಯ ಮಾಡಿಕೊಂಡಿದ್ದೆ. ಕಾರ್ಟೂನ್ ಹೀರೋಗಳಿಂದ ಕಲಿತದ್ದು. ಅದು ಒರಟು ಗಂಡಸರ ‘ನಾನು’. ಅತಿಥಿಗಳಲ್ಲಿದ್ದ ಹೆಂಗಸರು ಕುಸುಕುಸು ನಕ್ಕರು, ಅಂದರೆ ಕಿಸಿಕಿಸಿ. ಮರ್ಯಾದೆ ಹೋಯಿತು. ಆದರೆ ಆ ಪದ ಇವತ್ತಿಗೂ ಮರೆತಿಲ್ಲ. ಪಟ್ಟಿಯಿಂದ ಉರು ಹೊಡೆದ ಪದಗಳ ಕಥೆ ಕೇಳಬೇಡಿ. ಎನ್5ರ ಮುಂದಿನ ಮೆಟ್ಟಿಲು ಎನ್4, ಅದರಲ್ಲಿ ಒಂದು ಸಲ ಫೇಲ್ ಆಗಿದ್ದೇನೆ. ಈ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಈಗ ಗೊತ್ತಾಯಿತು.

ಇದನ್ನು ಬರೆಯುವಾಗಲೂ ಹೊರಗೆ ಮಳೆ. ಹುಡುಗಿ ಕಿಟಕಿಯಿಂದಲೇ ಕೂಗಿದಳು, "ದೊಡ್ಡಮ್ಮಾ, ಇದು ಶಿತೊಶಿತೊನಾ, ಜಾಜಾನಾ?"

ಶಿತೊಶಿತೊ ಅಂದೆ. ನಾಳೆ ಕ್ಲಾಸಲ್ಲಿ ಮತ್ತೆ ಕೇಳು ಅಂತಲೂ ಅಂದೆ. ನಾನು ಪಕ್ಕದಲ್ಲೇ ಇರ್ತೀನಿ, ಬೀನ್ಸ್ ಇನ್ನೂ ಇದೆ.